ನಂಬರ್ ಪ್ಲೇಟಿನಲ್ಲಿ ನಿಘಂಟು

ನಂಬರ್ ಪ್ಲೇಟ್ ನೋಡಿ ಇಂಗ್ಲಿಷ್ ಪದ ಹುಡುಕುವ ಚಟ ಇರುವವರ ಪಕ್ಕ ಕಾರಿನಲ್ಲಿ ಕೂತಿದ್ದೀರಾ? ಕೂರಬೇಡಿ. ಬಸ್ಸಿಗೆ ಹೋಗಿ, ನಿಂತುಕೊಂಡಾದರೂ ಸರಿ.

ನಮ್ಮ ಭಾವನವರಿಗೆ ಈ ಚಟ ಹತ್ತಿ ಬಹಳ ಕಾಲವಾಯಿತು. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಗಾಡಿ ನಿಂತ ಕೂಡಲೇ ಮುಂದಿನ ಕಾರಿನ ಹಿಂಭಾಗ ಓದಲು ಶುರು. ಕೆ ಮತ್ತು ಎ ಹೇಗೂ ರಾಜ್ಯದ ಕೃಪೆ. ಅದರ ಜೊತೆ ಎಂ, ಎನ್ ಸಿಕ್ಕಿತು ಅನ್ನಿ, "ನಾಲ್ಕೂ ಇರೋ ಪದ ಹೇಳೋ, ಉದ್ದದ್ದು" ಎಂದು ನನ್ನ ಮೇಲೆ ಬೀಳುತ್ತಾರೆ. ಅಕ್ಷರಗಳು ಹಿಂದುಮುಂದಾದರೂ ನಡೆಯುತ್ತದೆ, ಮಧ್ಯೆ ಬೇರೆಯವು ನುಗ್ಗಿದರೂ ನಡೆಯುತ್ತದೆ, ಒಂದು ಬಿಟ್ಟುಹೋದರೆ ಮಾತ್ರ ಕ್ಷಮೆಯಿಲ್ಲ. ನಾನು 'ಮಾರ್ಕೆಟಿಂಗ್' ಅನ್ನುತ್ತೇನೆ. 9 ಅಕ್ಷರ. ಅವರು ಮರುಕದಿಂದ ನೋಡಿ 'ಬ್ಲ್ಯಾಕ್‌ಮೇಲಿಂಗ್' ಅನ್ನುತ್ತಾರೆ, 12. ಆಮೇಲೆ 'ಟೆಲಿಮಾರ್ಕೆಟಿಂಗ್', 13. ಈ ಊರಿನ ಕಸುಬುಗಳೆಲ್ಲ ಒಂದೇ ನಂಬರ್ ಪ್ಲೇಟಿನೊಳಗೆ ಅಡಗಿವೆಯಲ್ಲ ಎಂದು ನಾನು ಬೆರಗಾಗಿರುವಾಗಲೇ ಅವರು 'ರಿಮಾರ್ಕಬಲ್‌ನೆಸ್' ಎಂದು 14ಕ್ಕೆ ಏರಿ ಮೀಸೆ ತಿರುವುತ್ತಾರೆ.

ಹಿಂದಿನ ಸೀಟಿನಿಂದ ಅಕ್ಕ ಒಂದೇ ಉಸಿರಿನಲ್ಲಿ ಕೇಳಿದಳು: "ಇನ್ಶೂರೆನ್ಸ್ ಮಾಡಿಸಿಕೊಡಬೇಕಾಗಿತ್ತಲ್ಲವೇನ್ರೀ?" ಆ ಕೊನೆಯ ಪದವನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆದು ಎಣಿಸಿದೆ: 27. ಕೆ, ಎ, ಎಂ, ಎನ್ ನಾಲ್ಕೂ ಹಾಜರ್. ಭಾವ ಒಪ್ಪಲಿಲ್ಲ. ನಿಘಂಟಿನಲ್ಲಿ ಇಲ್ಲವಂತೆ.

ನಿಜ ಹೇಳಬೇಕೆಂದರೆ ಇಂಗ್ಲಿಷಿನ ಉದ್ದವೂ ಬಹುಪಾಲು ಬಾಲದ ಉದ್ದವೇ. ಹಿಂದೆ ಒಂದು 'ನೆಸ್' ಕಟ್ಟು, ಮುಂದೆ ಒಂದು 'ಅನ್' ತೂರಿಸು, ಏನೂ ತೋಚದಿದ್ದರೆ ಎಸ್ ಸೇರಿಸಿ ಬಹುವಚನ ಮಾಡು. ನ್ಯೂಯಾರ್ಕ್ ಟೈಮ್ಸ್‌ನ 'ಸ್ಪೆಲ್ಲಿಂಗ್ ಬೀ' ಆಟದವರಿಗೆ ಈ ಕಳ್ಳದಾರಿ ಗೊತ್ತು. ದಿನಕ್ಕೆ 7 ಅಕ್ಷರ ಕೊಡುತ್ತಾರೆ, ನಡುವಿನದು ಪ್ರತಿ ಪದದಲ್ಲೂ ಇರಲೇಬೇಕು, ಆದರೆ ಎಸ್ ಮಾತ್ರ ಕೊಡುವುದಿಲ್ಲ. ಸ್ಕ್ರಾಬಲ್‌ನಲ್ಲಿ 100 ಬಿಲ್ಲೆ. ಇ 12 ಇದ್ದರೆ ಎಸ್ ಇರುವುದು ಬರೀ 4. ಆ ಆಟವನ್ನು ರೂಪಿಸಿದ ಆಲ್ಫ್ರೆಡ್ ಬಟ್ಸ್ 1930ರ ದಶಕದ ಆರ್ಥಿಕ ಕುಸಿತದಲ್ಲಿ ಕೆಲಸ ಕಳೆದುಕೊಂಡ ವಾಸ್ತುಶಿಲ್ಪಿ. ಪತ್ರಿಕೆಯ ಪುಟ ಹಿಡಿದು ಯಾವ ಅಕ್ಷರ ಎಷ್ಟು ಸಲ ಬರುತ್ತದೆಂದು ಎಣಿಸುತ್ತ ಕೂತರು. ಕೆಲಸವಿಲ್ಲದವರು ಪೇಪರ್ ಓದುವುದು ಎಲ್ಲ ಊರಲ್ಲೂ ಇದೆ, ಪೇಪರ್ ಎಣಿಸಿದವರು ಇವರೊಬ್ಬರೇ ಇರಬೇಕು.

ಬ್ರಿಟನ್ನಿನಲ್ಲಂತೂ ಇದು ಟಿವಿ ಕಾರ್ಯಕ್ರಮ. 1982ರ ನವೆಂಬರ್ 2ರಂದು ಚಾನೆಲ್ 4 ಶುರುವಾದಾಗ ಮೊದಲು ಬಂದದ್ದೇ 'ಕೌಂಟ್‌ಡೌನ್'. 9 ಅಕ್ಷರ, 30 ಸೆಕೆಂಡು, ಸಿಕ್ಕಷ್ಟು ಉದ್ದದ ಪದ. ಮಧ್ಯಾಹ್ನ ಚಹಾ ಹಿಡಿದು ಕೂತ ಅಜ್ಜಿಯರು ಸ್ಪರ್ಧಿಗಿಂತ ಮೊದಲೇ ಕೂಗುತ್ತಾರೆ. ಅಲ್ಲಿ ನಮ್ಮ ಭಾವ ಸಭ್ಯರ ಸಾಲಿನಲ್ಲಿ ಬರುತ್ತಿದ್ದರು.

ಸ್ವರಗಳ ಹುಚ್ಚಿನವರದು ಇನ್ನೊಂದು ಪಂಥ. ಐದೂ ಸ್ವರ ಇರುವ ಪದ ಅಂದರೆ ಎಲ್ಲರೂ 'ಎಜುಕೇಶನ್' ಅನ್ನುತ್ತಾರೆ, ಓದಿದವರಲ್ಲವೆ! 'ಕಾಲಿಫ್ಲವರ್' ಅನ್ನುವವರು ಕಡಿಮೆ. ಬೀದಿಬದಿಯಲ್ಲಿ ನಿಂತು ಗೋಬಿ ಮಂಚೂರಿ ತಿನ್ನುವಾಗ ಐದೂ ಸ್ವರಗಳನ್ನು ಒಂದೊಂದೇ ಸಲ ನುಂಗುತ್ತೀರಿ, ಯಾರೂ ಚಪ್ಪಾಳೆ ತಟ್ಟುವುದಿಲ್ಲ. 'ಸ್ಟ್ರೆಂಗ್ತ್ಸ್' ಎಂಬ ಪದಕ್ಕೆ 9 ಅಕ್ಷರ, ಸ್ವರ ಒಂದೇ. ಒಬ್ಬನ ಸಂಬಳದಲ್ಲಿ ಎಂಟು ಜನ ಬದುಕುವ ಸಂಸಾರ.

ಇನ್ನು 45 ಅಕ್ಷರದ ಆ ಕಾಯಿಲೆ, ನ್ಯುಮೋನೋ ಅಲ್ಟ್ರಾ ಎಂದು ಶುರುವಾಗಿ ಕೋನಿಯೋಸಿಸ್ ಎಂದು ಮುಗಿಯುವಷ್ಟರಲ್ಲಿ ರೋಗಿಗೆ ಉಬ್ಬಸ ಬರುವಂಥದ್ದು. ಅದನ್ನು ಹೆಸರಿಸಿದ್ದು ಡಾಕ್ಟರಲ್ಲ. 1935ರಲ್ಲಿ ಅಮೆರಿಕದ ಒಗಟುಗಾರರ ಸಂಘದ ಅಧ್ಯಕ್ಷರೇ ಹೊಸೆದು ಬಿಟ್ಟ ಪದ. ಆಕ್ಸ್‌ಫರ್ಡ್ ನಿಘಂಟಿನೊಳಗೆ ಸೀಟೂ ಗಿಟ್ಟಿಸಿತು. ಕಲ್ಲುಗಣಿಯಲ್ಲಿ ಧೂಳು ಕುಡಿದವನಿಗೆ ಡಾಕ್ಟರು ಬರೆಯುವುದು ಸಿಲಿಕೋಸಿಸ್ ಎಂದೇ.

"ಇಷ್ಟೆಲ್ಲ ಒದ್ದಾಟ ಯಾಕೆ ಭಾವ? ಕಂಪ್ಯೂಟರಿಗೆ ಹೇಳಿ" ಅಂದೆ ಒಮ್ಮೆ. 1973ರಿಂದಲೂ ಯೂನಿಕ್ಸ್‌ನಲ್ಲಿ 'ಗ್ರೆಪ್' ಎಂಬ ಅಪ್ಪಣೆಯಿದೆ. ಪದಪಟ್ಟಿಯನ್ನು ಕೆ ಎಂಬ ಜರಡಿಯಲ್ಲಿ ಸೋಸಿ, ಉಳಿದದ್ದನ್ನು ಎ, ಎಂ, ಎನ್‌ಗಳಲ್ಲಿ ಸೋಸಿದರೆ ಕಣ್ಣು ಮಿಟುಕಿಸುವುದರೊಳಗೆ ಪಟ್ಟಿ ಸಿದ್ಧ. ಭಾವ ಮೂರು ದಿನ ನನ್ನೊಡನೆ ಮಾತಾಡಲಿಲ್ಲ. ಆ ಅಪ್ಪಣೆಯನ್ನು ಮಾತ್ರ ಗುಟ್ಟಾಗಿ ಬರೆದಿಟ್ಟುಕೊಂಡಿದ್ದಾರೆ, ನೋಡಿದ್ದೇನೆ.

ಈ ಪದಹುಚ್ಚಿನವರೆಲ್ಲರ ಕುಲದೇವರು ನ್ಯೂಜಿಲೆಂಡಿನ ನೈಜೆಲ್ ರಿಚರ್ಡ್ಸ್. ಫ್ರೆಂಚ್ ಮಾತಾಡಲು ಬರದ ಈ ಪುಣ್ಯಾತ್ಮ ಒಂಬತ್ತು ವಾರ ನಿಘಂಟು ಉರುಹೊಡೆದು 2015ರಲ್ಲಿ ಫ್ರೆಂಚ್ ಸ್ಕ್ರಾಬಲ್ ವಿಶ್ವ ಚಾಂಪಿಯನ್ ಆದರು. ಮನೆಯಲ್ಲಿ ಫ್ರೆಂಚನ್ನೇ ಉಂಡು ಬೆಳೆದವರು ಬಾಯಿ ಬಿಟ್ಟುಕೊಂಡು ನೋಡಿದರು. ಸಾಲದ್ದಕ್ಕೆ 2024ರಲ್ಲಿ ಸ್ಪ್ಯಾನಿಷ್ ಕಿರೀಟವನ್ನೂ ಹೊತ್ತುಕೊಂಡು ಹೋದರು, ಅದನ್ನೂ ಮಾತಾಡಲು ಬಾರದೆ. ಅರ್ಥ ಗೊತ್ತಿದ್ದರೆ ತಲೆಯಲ್ಲಿ ಜಾಗ ವ್ಯರ್ಥ ಎಂಬುದು ಭಾವನವರ ವ್ಯಾಖ್ಯಾನ.

ರಿಚರ್ಡ್ಸ್ ಕನ್ನಡಕ್ಕೆ ಬಂದರೆ? ಬರಲಿ, ಸ್ವಾಗತ. ಆದರೆ ಬಿಲ್ಲೆ ಮಾಡಿಸುವವರು ಯಾರು? 34 ವ್ಯಂಜನ, ಒಂದೊಂದಕ್ಕೂ ಕಃ ತನಕ 15 ಕಾಗುಣಿತ, ಅಲ್ಲಿಗೇ 510. ಒತ್ತಕ್ಷರದ ಲೆಕ್ಕ ಇನ್ನೂ ಶುರುವಾಗಿಲ್ಲ. 'ರಾಷ್ಟ್ರ'ದ ಷ್ಟ್ರ ಒಂದೇ ಬಿಲ್ಲೆಯೋ ಮೂರೋ ಎಂದು ಪಂಚಾಯಿತಿ ಆಗಬೇಕು. ಇಂಗ್ಲಿಷಿನವರಿಗೆ ಬಿಲ್ಲೆ ಹಾಕಿಕೊಳ್ಳಲು ಅಂಗೈಯಗಲದ ಬಟ್ಟೆಚೀಲ ಸಾಕು. ನಮಗೆ ಎಪಿಎಂಸಿಯಿಂದ ಗೋಣಿಚೀಲ ತರಿಸಬೇಕು.