ಗಾಳಿಗೆ ಪದವಿ, ನೆಲ್ಲಿಗೆ ನೀರು

ದೀಪಾವಳಿ ಮುಗಿದು ತೆನೆ ಹಣ್ಣಾಗುವ ಹೊತ್ತಿಗೆ ಬಂಗಾಳ ಕೊಲ್ಲಿಗೆ ಸಿಂಧನೂರು ನೆನಪಾಗುತ್ತದೆ. ಏಪ್ರಿಲ್‌ನಿಂದ ಜೂನ್‌ವರೆಗೆ ಒಮ್ಮೆ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಇನ್ನೊಮ್ಮೆ ಚಂಡಮಾರುತದ ಸುಗ್ಗಿ. ನಮ್ಮ ಎರಡು ಬೆಳೆಯ ಕಟಾವೂ ಹೆಚ್ಚುಕಡಿಮೆ ಆಗಲೇ. ಎಡದಂಡೆ ಕಾಲುವೆಗೆ ನೀರು ಬಿಡುವವರಿಗಿಂತ ಕೊಲ್ಲಿಯ ಸಮಯಪಾಲನೆ ವಾಸಿ. ಇಲ್ಲಿನ ಆರ್.ಎಚ್. (ಪುನರ್ವಸತಿ) ಕ್ಯಾಂಪುಗಳಲ್ಲಿ ಪೂರ್ವ ಬಂಗಾಳ ಬಿಟ್ಟುಬಂದ ಕುಟುಂಬಗಳಿವೆ. ಅವರು ಕೊಲ್ಲಿಯನ್ನು ಬಿಟ್ಟರೂ ಕೊಲ್ಲಿ ಅವರನ್ನು ಬಿಟ್ಟಿಲ್ಲ.

ಹವಾಮಾನ ಇಲಾಖೆಯಲ್ಲಿ ಗಾಳಿಗೆ ಬಡ್ತಿಯ ನಿಯಮ ಕಟ್ಟುನಿಟ್ಟು. ಗಂಟೆಗೆ 31 ಕಿ.ಮೀ. ಮುಟ್ಟಿದರೆ ವಾಯುಭಾರ ಕುಸಿತ, 62 ಮುಟ್ಟಿದರೆ ಚಂಡಮಾರುತದ ಹುದ್ದೆ ಮತ್ತು ನಾಮಕರಣ, 222 ಮುಟ್ಟಿದರೆ ಸೂಪರ್ ಸೈಕ್ಲೋನ್. ಅಮೆರಿಕದವರು ಹರಿಕೇನ್‌ಗೆ 1ರಿಂದ 5ರವರೆಗೆ ಅಂಕ ಹಾಕುತ್ತಾರೆ. ಎರಡೂ ಕಡೆ ಅಳೆಯುವುದು ಗಾಳಿಯನ್ನೇ. ಎಷ್ಟು ಮಳೆ ಸುರಿಯಿತು ಎಂಬುದಕ್ಕೆ ಅಂಕವಿಲ್ಲ. ಬಿಸಿ ಕಡಲು ಬಿಟ್ಟು ನೆಲ ಹತ್ತಿದೊಡನೆ ಚಂಡಮಾರುತದ ಕಸುವು ಇಳಿಯುತ್ತದೆ. ಆಂಧ್ರದ ಕರಾವಳಿಯಲ್ಲಿ ಕ್ಯಾಮೆರಾಗಳ ಮುಂದೆ ಮೆರೆದದ್ದು ರಾಯಚೂರು ಜಿಲ್ಲೆಗೆ ಬರುವಾಗ ಹುದ್ದೆ, ಹೆಸರು ಎರಡೂ ಕಳೆದುಕೊಂಡ ನಿವೃತ್ತ ಅಧಿಕಾರಿ. ನಿವೃತ್ತರಿಗೆ ಬಿಡುವು ಜಾಸ್ತಿ ನೋಡಿ, ಕೂತಲ್ಲಿಂದ ಏಳುವುದಿಲ್ಲ, ಜಿನುಗುತ್ತಲೇ ಇರುತ್ತದೆ. ಲಿಂಗಸುಗೂರಿನಲ್ಲಿ ಬಾಯಿಬಿಟ್ಟ ಹತ್ತಿ ಕಪ್ಪಾಗಲು, ಮಸ್ಕಿಯಲ್ಲಿ ತೊಗರಿ ಹೂ ಉದುರಲು ಅಷ್ಟು ಸಾಕು.

2009ರ ಸೆಪ್ಟೆಂಬರ್ ಕೊನೆಗೆ ಶುರುವಾಗಿ ಉತ್ತರ ಕರ್ನಾಟಕವನ್ನು ಮುಳುಗಿಸಿ, ಇನ್ನೂರಕ್ಕೂ ಹೆಚ್ಚು ಜೀವ ತೆಗೆದ ಮಳೆಗೆ ಹೆಸರೇ ಇರಲಿಲ್ಲ. ಪಾಪ, ಗಾಳಿ ಪರೀಕ್ಷೆಯಲ್ಲಿ ಅದು ಫೇಲಾಗಿತ್ತು. ಪಾಸಾಗುವ ಚಂಡಮಾರುತಗಳಿಗೆಂದು 2020ರಲ್ಲಿ 13 ದೇಶಗಳು ಕೂಡಿ 169 ಹೆಸರು ಸಿದ್ಧಮಾಡಿಟ್ಟಿವೆ. ಅವುಗಳಲ್ಲಿ ಮೊಂಥಾ ಎಂಬುದು ಥಾಯ್ಲೆಂಡ್ ಕೊಟ್ಟದ್ದು. ಹೆಸರಿನ ಮಾತಿಗೆ ಬಂದರೆ, ದೇವಾನಾಂಪ್ರಿಯ ಅಂದರೆ ಅಶೋಕನೇ ಎಂದು ಖಚಿತವಾದದ್ದು 1915ರಲ್ಲಿ, ಮಸ್ಕಿಯ ಬಂಡೆಯಿಂದ. ಈಗ ನಮ್ಮ ಹೊಲ ಹಾಳುಮಾಡಿದ್ದು ಯಾರೆಂದು ಹೇಳಲು ಇನ್ನೊಂದು ಬಂಡೆಯನ್ನೇ ಹುಡುಕಬೇಕು.

ಸಿಂಧನೂರಿನಲ್ಲಿ ಬಿರುಗಾಳಿಯ ದರ್ಜೆ ತಿಳಿಯಲು ಉಪಗ್ರಹ ಬೇಕಿಲ್ಲ. ಮೋಡ ಕಂಡರೆ ತಾಡಪತ್ರಿ ತುಟ್ಟಿ: ಒಂದನೇ ದರ್ಜೆ. ಟೈರಿನ ಹಾರ್ವೆಸ್ಟರ್ ಹೂತು ಚೈನ್ ಗಾಡಿಯವನು ಬಾಯಿಗೆ ಬಂದ ಬಾಡಿಗೆ ಕೇಳಿದರೆ ಮೂರು. ಶಾಸಕರು ಬದುವಿನ ಮೇಲೆ ಪಂಚೆ ಎತ್ತಿ ನಿಂತು ಫೋಟೊ ತೆಗೆಸಿಕೊಂಡರೆ ಐದು. ಆಚೆ ಹೆದ್ದಾರಿಯ ಒಂದು ಪಕ್ಕದಲ್ಲಿ ನೆಲ್ಲಿನ ರಾಶಿ, ಮೇಲೆ ತಾಡಪತ್ರಿ, ಅಂಚಿಗೆ ಕಲ್ಲು. ಒಳಗೆ ಕೈ ಹಾಕಿದರೆ ಬಿಸಿ ಹಬೆ, ಬೆರಳಿಗಂಟುವ ಬಿಳಿ ಮೊಳಕೆ. ಖರೀದಿ ಕೇಂದ್ರಕ್ಕೆ ತೇವಾಂಶ ಶೇಕಡಾ 17 ದಾಟಬಾರದು. ದಾಟಿದ್ದನ್ನು ದಲಾಲಿಗಳು ದೊಡ್ಡ ಮನಸ್ಸು ಮಾಡಿ ಕೊಳ್ಳುತ್ತಾರೆ, ಅವರ ದರಕ್ಕೆ.

ಪರಿಹಾರವಿಲ್ಲವೇ? ಉಂಟು. ಬೆಳೆ ಶೇಕಡಾ 33 ಹಾಳಾಗಿರಬೇಕು; 32 ಆದರೆ ಅದು ದೇವರ ಕೃಪೆ. ನೀರಾವರಿ ಹೊಲಕ್ಕೆ ಕೇಂದ್ರದ 2025ರ ಲೆಕ್ಕದಲ್ಲಿ ಹೆಕ್ಟೇರಿಗೆ 17,000 ರೂಪಾಯಿ, ಅದೂ ಎರಡೇ ಹೆಕ್ಟೇರಿಗೆ. ಇನ್ನು ಫಸಲ್ ಬಿಮಾ ಎಂಬ ಬೆಳೆ ವಿಮೆ. ನೆಲ್ಲು ನೀರಲ್ಲೇ ಬೆಳೆಯುವ ಬೆಳೆ, ಅದಕ್ಕೆಂಥ ಮುಳುಗಡೆ ಎಂದು 2018ರಲ್ಲಿ ಸ್ಥಳೀಯ ವಿಪತ್ತಿನ ಮುಳುಗಡೆ ಪರಿಹಾರದಿಂದ ನೆಲ್ಲನ್ನು ಹೊರಗಿಟ್ಟರು. ಎಮ್ಮೆಗೂ ಕೆರೆ ಇಷ್ಟ. ಹಾಗಂತ ಅದನ್ನು ಯಾರೂ ಮುಳುಗಿಸಿ ನೋಡಿಲ್ಲ. 2026ರ ಮುಂಗಾರಿನಿಂದ ಮತ್ತೆ ಸೇರಿಸುತ್ತೇವೆಂದು 2025ರ ನವೆಂಬರಿನಲ್ಲಿ ಹೇಳಿದರು. ನೀರು ಹೆಚ್ಚಾದರೆ ನೆಲ್ಲು ಕೊಳೆಯುತ್ತದೆ ಎಂಬ ಸುದ್ದಿ ದಿಲ್ಲಿ ಮುಟ್ಟಲು ಏಳು ವರ್ಷ ಹಿಡಿಯಿತು.

ಕಟಾವಾದ ನೆಲ್ಲಿಗೂ ವಿಮೆಯಿದೆ. ಹೊಲದಲ್ಲೇ ಒಣಗಲು ಹರಡಿರಬೇಕು, ಕಟಾವಾಗಿ 14 ದಿನ ಮೀರಿರಬಾರದು, ತೊಯ್ದ 72 ಗಂಟೆಯೊಳಗೆ ತಿಳಿಸಿರಬೇಕು. ರಸ್ತೆ ಮೇಲೆ ಹರಡಿದ್ದರೆ? ರಸ್ತೆ ಬೇರೆ ಇಲಾಖೆಯದು.