ಫೇಲಾದ್ರೆ ಏನಪ್ಪಾ?

ಬೆಂಗಳೂರಿನಲ್ಲಿ ಲಿನಕ್ಸ್ ಕರ್ನೆಲ್‌ಗೆ ಡ್ರೈವರ್ ಬರೆಯುವ ತಂಡ ಎಲ್ಲೇ ಇರಲಿ, ಅಲ್ಲೊಬ್ಬ ರಿವ್ಯೂ ರಾಯರು ಇದ್ದೇ ಇರುತ್ತಾರೆ. ಹುಡುಗರು ನಿದ್ದೆಗೆಟ್ಟು ಬರೆದ ಕೋಡ್ ಸಲೀಸಾಗಿ ಓಡುತ್ತಿದ್ದರೆ ಅತ್ತ ಅವರು ಕಣ್ಣೂ ಹಾಯಿಸುವುದಿಲ್ಲ. ಸೀದಾ ಫಂಕ್ಷನ್ನಿನ ಬುಡಕ್ಕೆ ಸ್ಕ್ರೋಲ್ ಮಾಡುತ್ತಾರೆ.

"ಫೇಲಾದ್ರೆ ಏನಪ್ಪಾ?"

"ಎಲ್ಲಿ ಸಾರ್?"

"ಬಫರ್‌ಗೆ ಮೆಮೊರಿ ತಗೊಂಡೆ. ಆಮೇಲೆ ಕ್ಯೂಗೆ ತಗೊಂಡೆ. ಇಂಟರಪ್ಟ್ ಕೇಳ್ದೆ, ಸಿಗ್ಲಿಲ್ಲ. ರಿಟರ್ನ್ ಅಂತ ಬರೆದು ಎದ್ದುಬಂದೆ. ಮೊದಲಿನವೆರಡನ್ನ ಯಾರು ವಾಪಸ್ ಕೊಡ್ತಾರೆ, ನಾನಾ?"

ಮಾತು ಒರಟು, ವಿಷಯ ನಿಜ. ಮಾಮೂಲಿ ಪ್ರೋಗ್ರಾಂ ಸತ್ತರೆ ಅದರ ಮೆಮೊರಿಯನ್ನು ಕರ್ನೆಲ್ ಬಳಿದು ಹಾಕುತ್ತದೆ. ಕರ್ನೆಲ್ಲೇ ಕೆಮ್ಯಾಲಕ್‌ನಿಂದ ಮೆಮೊರಿ ತಗೊಂಡು ವಾಪಸ್ ಕೊಡಲು ಮರೆತರೆ ರೀಬೂಟ್ ಆಗುವ ತನಕ ಅದು ಗೋವಿಂದ. ಅದನ್ನೇ ಎರಡು ಸಲ ಕೆಫ್ರೀ ಮಾಡಿ ವಾಪಸ್ ಕೊಟ್ಟರಂತೂ ಇನ್ನೂ ಕಷ್ಟ. ಕಳ್ಳರು ಒಳನುಗ್ಗುವುದೇ ಅಂಥ ಸಂದಿಯಲ್ಲಿ. "ಇಷ್ಟು ಚಿಕ್ಕ ಅಲೊಕೇಶನ್ ಫೇಲಾಗೋದೇ ಇಲ್ಲ ಸಾರ್" ಎಂದು ಯಾರಾದರೂ ವಾದಿಸಿದರೆ, ರಾಯರು ಫೇಲ್‌ಸ್ಲ್ಯಾಬ್ ಆನ್ ಮಾಡುತ್ತಾರೆ. ಬೇಕೆಂದೇ ಮೆಮೊರಿ ಕೊಡದೆ ಸತಾಯಿಸುವ ಸೌಲಭ್ಯ ಅದು, ಕರ್ನೆಲ್ಲಿನಲ್ಲೇ ಇದೆ. ಐದು ನಿಮಿಷಕ್ಕೆ ವಾದಿಯ ಬಾಯಿ ಬಂದ್.

ಕೋಡಿನಲ್ಲಿ ಒಂದೆಡೆಯಿಂದ ಇನ್ನೊಂದೆಡೆಗೆ ಜಿಗಿಸುವ ಗೋಟೂ ಹಾನಿಕರ ಎಂದು ಕಂಪ್ಯೂಟರ್ ವಿಜ್ಞಾನಿ ಡೈಕ್‌ಸ್ಟ್ರಾ 1968ರಲ್ಲೇ ಬರೆದರು. ಕರ್ನೆಲ್ಲಿನ ಕೋಡಿಂಗ್ ಸ್ಟೈಲ್ ಮಾತ್ರ, ಸೋತು ಹೊರಬೀಳುವಾಗ ಗೋಟೂ ಇರಲಿ ಎನ್ನುತ್ತದೆ. ರಾಯರಿಗೆ ಅದೇ ವೇದ. ಕಡೆಗೆ ಪಡೆದದ್ದನ್ನು ಮೊದಲು ಬಿಡಬೇಕು. ಕ್ರಮ ತಪ್ಪಿದರೆ ಪ್ಯಾಚ್ ವಾಪಸ್. ಗೋಟೂ ಜಿಗಿಯುವ ಲೇಬಲ್ಲಿಗೆ 'ಎರ್1', 'ಎರ್2' ಎಂದಿಟ್ಟರೆ ಮುಖ ಗಂಟು, 'ಔಟ್_ಫ್ರೀ_ಬಫರ್' ಎಂದಿದ್ದರೆ ಒಂದು ಮುಗುಳ್ನಗೆ. ಮದುವೆ ಮನೆಗೆ ಹೋದರೂ ಅಷ್ಟೇ, ಬಾಡಿಗೆ ಪಾತ್ರೆ ಎಣಿಸಿ ಹಿಂದಿರುಗಿಸುವವರು ಯಾರೆಂದು ಮುಹೂರ್ತಕ್ಕೆ ಮುಂಚೆಯೇ ವಿಚಾರಿಸುತ್ತಾರೆ.

2023ರಲ್ಲಿ ಬಂದ ಕರ್ನೆಲ್ಲಿನ 6.5ನೇ ಆವೃತ್ತಿ ಇವರ ಹೊಟ್ಟೆಗೇ ಹೊಡೆಯಿತು. ಪಾಯಿಂಟರ್ ಘೋಷಿಸುವಾಗಲೇ ಪಕ್ಕದಲ್ಲಿ 'ಫ್ರೀ' ಗುರುತು ಹಾಕಿದರಾಯಿತು, ಫಂಕ್ಷನ್ನಿನಿಂದ ಹೊರಬೀಳುವಾಗ ಮೆಮೊರಿ ತಾನೇ ಬಿಡುಗಡೆಯಾಗುತ್ತದೆ. ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಅದನ್ನೇ ಬಳಸಿ ಲೇಬಲ್ಲುಗಳನ್ನೆಲ್ಲ ಗುಡಿಸಿ ತಂದಳು. ರಾಯರು ಅಭ್ಯಾಸದಂತೆ ಬುಡಕ್ಕೆ ಹೋದರು. ಅಲ್ಲಿ ಬರೀ ಒಂದು ರಿಟರ್ನ್. ಪೆಚ್ಚಾಗಿ ಕನ್ನಡಕ ಒರೆಸಿಕೊಂಡರು. ಮತ್ತೆ ನೋಡಿದರು. ಕಣ್ಣು ಮಿನುಗಿತು.

"ಅಲ್ಲಮ್ಮಾ, ಎಲ್ಲ ಸರಿಹೋದಾಗ್ಲೂ ಅದು ಫ್ರೀ ಆಗೋಗುತ್ತಲ್ಲ? ಅದನ್ನ ತಡೆಯೋ ನೋ_ಫ್ರೀ_ಪಿಟಿಆರ್ ಎಲ್ಲಿ?"

ಹುಡುಗಿ ನಿಜಕ್ಕೂ ಮರೆತಿದ್ದಳು. ರಾಯರ ಕಣ್ಣು ತಪ್ಪಿಸಿ ಬಂದ ಡ್ರೈವರ್ ಇರುವ ಫೋನನ್ನು ನಾನಂತೂ ಕೊಳ್ಳಲಾರೆ.