ಐದು ಜನ, ಹದಿನೈದು ಟಿಕೆಟ್

ಮದ್ದೂರಿನವರಿಗೆ ಸಾಲಿನಲ್ಲಿ ನಿಂತು ಅಭ್ಯಾಸ ಕಡಿಮೆ. ತಪ್ಪು ನಮ್ಮದಲ್ಲ, ವಡೆಯದು. ರೈಲು ನಿಂತ ಎರಡೇ ನಿಮಿಷದಲ್ಲಿ ವಡೆ ಹೊತ್ತವರು ಬೋಗಿಗೆ ನುಗ್ಗಿ, ಕೂಗಿ, ಮಾರಿ, ಚಿಲ್ಲರೆ ಎಣಿಸಿಕೊಟ್ಟು, ಹೊರಟ ರೈಲಿನಿಂದ ಇಳಿಯುವುದನ್ನು ನೋಡುತ್ತಾ ಬೆಳೆದವರು ನಾವು. ಊರಲ್ಲಿ ಹೇಳುವ ಕತೆಯ ಪ್ರಕಾರ ಆ ವಡೆ ಹುಟ್ಟಿದ್ದೇ ಗಡಿಬಿಡಿಯಲ್ಲಿ. 1917ರಲ್ಲಿ ಸ್ಟೇಷನ್ನಿನಲ್ಲಿ ತಿಂಡಿ ಮಾರುತ್ತಿದ್ದ ರಾಮಚಂದ್ರ ಬುಧ್ಯ ಅವರು, ರೈಲು ಬಂದೇಬಿಟ್ಟಿತು ಎಂದು ಪಕೋಡ ಕರಿಯುವಷ್ಟು ಪುರುಸೊತ್ತಿಲ್ಲದೆ ಕಲಸಿದ್ದ ಹಿಟ್ಟನ್ನೇ ತಟ್ಟಿ ಎಣ್ಣೆಗೆ ಬಿಟ್ಟರಂತೆ. ಗಿರಾಕಿ ಕಾಯಬಾರದು ಎಂಬ ಒಂದೇ ಕಾರಣಕ್ಕೆ ಹುಟ್ಟಿದ ತಿಂಡಿಯ ಊರಿನವನು ನಾನು. ಸಾಲದ್ದಕ್ಕೆ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ವಡೆ ಮತ್ತು ಗಣಿತ ಎರಡೂ ಒಬ್ಬನೇ ಮನುಷ್ಯನ ತಲೆಗೆ ಏರಿದರೆ ಏನಾಗುತ್ತದೆ ಎಂಬುದು ಆ ಭಾನುವಾರ ಮೈಸೂರಿನ ದೊಡ್ಡಕೆರೆ ಮೈದಾನದಲ್ಲಿ ಸಾಬೀತಾಯಿತು.

ದಸರಾ ವಸ್ತುಪ್ರದರ್ಶನಕ್ಕೆ ಹೋಗುವ ಯೋಜನೆ ಸಂಪೂರ್ಣ ನನ್ನದು. ಚಾಮರಾಜೇಂದ್ರ ಒಡೆಯರ್ ಕಾಲದಲ್ಲಿ, 1880ರಲ್ಲಿ, ಜನರಿಗೆ ಹೊಸ ಹೊಸ ವಸ್ತುಗಳ ಪರಿಚಯವಾಗಲಿ ಎಂದು ಶುರುವಾದ ಪ್ರದರ್ಶನ ಅದು. ಈಗ ನಮ್ಮ ಕಡೆಯ ಜನ ಅಲ್ಲಿಗೆ ಹೋಗುವುದು ಡೆಲ್ಲಿ ಹಪ್ಪಳ, ಚುರುಮುರಿ ಮತ್ತು ಜೈಂಟ್ ವೀಲ್ ಎಂಬ ಮೂರು ವಸ್ತುಗಳ ಪರಿಚಯಕ್ಕೆ. ಮನೆಯವರನ್ನೆಲ್ಲ ಕೂರಿಸಿಕೊಂಡು ನಾನು ವಿವರಿಸಿದೆ: "ದಸರಾದಲ್ಲಿ ಹೋಗೋರು ದಡ್ಡರು. ಜಂಬೂ ಸವಾರಿ ಮುಗಿದು ಮೂರು ವಾರ ಬಿಟ್ಟು ಹೋದ್ರೆ ಪ್ರದರ್ಶನ ಇರುತ್ತೆ, ಜನ ಇರಲ್ಲ. ಭಾನುವಾರ ಏಳು ಗಂಟೆಗೆ ಅರಮನೆಗೆ ದೀಪ ಹಾಕ್ತಾರೆ, ಎಂಟರೊಳಗೆ ಆರಿಸ್ತಾರೆ. ಲಕ್ಷದ ಹತ್ತಿರ ಬಲ್ಬು. ಆ ಹೊತ್ತಿಗೆ ಸರಿಯಾಗಿ ನಾವು ಜೈಂಟ್ ವೀಲಿನ ತುದಿಯಲ್ಲಿ ಕೂತಿರಬೇಕು."

"ಅಲ್ಲಾ ಕಣ್ಲಾ, ಎಲ್ರೂ ಅಂಗೇ ಅನ್ಕಂಡು ಬಂದ್ರೆ?" ಎಂದಳು ಅವ್ವ.

ಎಪ್ಪತ್ತು ದಾಟಿದವರ ಅನುಮಾನಗಳಿಗೆಲ್ಲ ಉತ್ತರ ಕೊಡುತ್ತಾ ಕೂರಲಾಗುವುದಿಲ್ಲ.

ನಾನು, ಹೆಂಡತಿ, ಮಗಳು, ಅವ್ವ, ಬಾಮೈದ, ಒಟ್ಟು ಐದು ಜನ ಮಧ್ಯಾಹ್ನದ ಪ್ಯಾಸೆಂಜರ್ ಹತ್ತಿದೆವು. ಹನಕೆರೆ, ಮಂಡ್ಯ, ಪಾಂಡವಪುರ ಎಂದು ಎಲ್ಲ ಕಡೆ ನಿಂತು, ಶ್ರೀರಂಗಪಟ್ಟಣದಲ್ಲಿ ಕ್ರಾಸಿಂಗಿಗೆ ಇನ್ನೊಂದಿಷ್ಟು ಹೊತ್ತು ನಿಂತು, ರೈಲು ಮೈಸೂರು ತಲುಪಿತು. ಪ್ರತಿ ಸ್ಟೇಷನ್ನಿನಲ್ಲೂ ನಮ್ಮಂಥದೇ ಕುಟುಂಬಗಳು ಹತ್ತುತ್ತಿದ್ದವು. ಎಲ್ಲರ ಕೈಯಲ್ಲೂ ಟೊಪ್ಪಿ ಹಾಕಿದ ಮಗು, ನೀರಿನ ಬಾಟಲು, ಸ್ವೆಟರು. ಅವರೆಲ್ಲ ಎಲ್ಲಿಗೆ ಹೊರಟಿರಬಹುದು ಎಂದು ನನಗೆ ಹೊಳೆಯಲೇ ಇಲ್ಲ.

ಗೇಟಿನ ಪ್ರವೇಶ ಟಿಕೆಟ್ ಬೇಗ ಸಿಕ್ಕಿತು. ಮೋಸ ಒಳಗಿತ್ತು. ಹೊರಗಿನ ಟಿಕೆಟ್ ಬರೀ ಒಳಗೆ ಕಾಲಿಡುವುದಕ್ಕೆ. ಒಳಗೆ ಒಂದೊಂದು ಆಟಕ್ಕೂ ಬೇರೆ ಟಿಕೆಟ್. ಇದನ್ನು ಹಳ್ಳಿ ಪದ್ಧತಿ ಎಂದು ಯಾರೂ ಮೂಗು ಮುರಿಯಬೇಕಿಲ್ಲ. ಅಮೆರಿಕದ ಡಿಸ್ನಿಲ್ಯಾಂಡಿನಲ್ಲೂ 1982ರ ತನಕ ಹೀಗೇ ಇತ್ತು. ಎ, ಬಿ, ಸಿ, ಡಿ, ಇ ಎಂದು ಕೂಪನ್ ಪುಸ್ತಕ. ಸಪ್ಪೆ ಆಟಕ್ಕೆ 'ಎ', ಎದೆ ಬಾಯಿಗೆ ಬರುವ ಆಟಕ್ಕೆ 'ಇ'. ಎಲ್ಲರ ಮನೆಯಲ್ಲೂ 'ಎ' ಕೂಪನ್ ಖರ್ಚಾಗದೆ ಉಳಿದಿರುತ್ತಿತ್ತಂತೆ. ಇದನ್ನು ಬಾಮೈದನಿಗೆ ಹೇಳುತ್ತಾ ಹೋಗುವಾಗ ಜೈಂಟ್ ವೀಲಿನ ಟಿಕೆಟ್ ಕೌಂಟರ್ ಕಾಣಿಸಿತು. ಕೌಂಟರ್ ಕಾಣಿಸಿತು ಎನ್ನುವುದು ತಪ್ಪು. ಬೆನ್ನುಗಳು ಕಾಣಿಸಿದವು.

ಮೂರು ಕಿಟಕಿ, ಮೂರು ಸಾಲು. ಗಂಟೆ ಆರೂಕಾಲು.

ಇಲ್ಲಿ ನನ್ನೊಳಗಿನ ಗಣಿತದ ಮೇಷ್ಟ್ರು ಎದ್ದು ಕೂತ. ಕೋಪನ್‌ಹೇಗನ್ನಿನ ಟೆಲಿಫೋನ್ ಕಂಪನಿಯಲ್ಲಿದ್ದ ಎರ್ಲಾಂಗ್ ಎಂಬಾತ, ಕರೆಗಳು ಬೇಕಾಬಿಟ್ಟಿ ಬರುವುದಕ್ಕೂ ಒಂದು ಲೆಕ್ಕವಿದೆ ಎಂದು 1909ರಲ್ಲಿ ಬರೆದ. ಕ್ಯೂ ಶಾಸ್ತ್ರದ ಮೂಲಪುರುಷ ಅವನೇ. ಆ ಶಾಸ್ತ್ರ ಬಲ್ಲವರು ಹೇಳುವುದು, ಮೂರು ಕಿಟಕಿಗೂ ಸೇರಿ ಒಂದೇ ಸಾಲು ಮಾಡಿ ಎಂದು. ಮೂರು ಸಾಲು ಮಾಡಿದರೆ ನೀವು ನಿಂತ ಸಾಲೇ ಬೇಗ ಸರಿಯುವ ಸಂಭವ ಮೂರರಲ್ಲಿ ಒಂದು ಭಾಗ. ಪಕ್ಕದ ಸಾಲು ಯಾವಾಗಲೂ ಜೋರಾಗಿ ಓಡುತ್ತದೆ ಎಂದು ಜನ ಗೊಣಗುವುದು ಗ್ರಹಚಾರದ ಮಾತಲ್ಲ, ಅಪ್ಪಟ ಲೆಕ್ಕ.

"ಅದಕ್ಕೇ ಮೂರು ಸಾಲಲ್ಲೂ ಒಬ್ಬೊಬ್ಬರು ನಿಲ್ಲೋಣ. ಯಾವ ಸಾಲು ಬೇಗ ಹೋದ್ರೂ ಅದು ನಮ್ದೇ," ಎಂದೆ.

"ರೀ, ಸುಮ್ನೆ ಒಂದು ಕಡೆ ನಿಂತ್ಕೊಳ್ಳೋಣ," ಎಂದಳು ಹೆಂಡತಿ. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಇವಳು ಹೀಗೆ ಸಣ್ಣ ದನಿಯಲ್ಲಿ ಹೇಳಿದ ಮಾತುಗಳನ್ನು ನಾನು ಕೇಳಿದ್ದರೆ ಇವತ್ತಿಗೆ ಮಂಡ್ಯದಲ್ಲಿ ಒಂದು ಸೈಟಾದರೂ ಇರುತ್ತಿತ್ತು.

ಒಪ್ಪಂದ ಹೀಗಾಯಿತು: ಮೊದಲು ಕಿಟಕಿ ಮುಟ್ಟಿದವರು ಕರ್ಚೀಫು ಎತ್ತಿ ಬೀಸಬೇಕು, ಉಳಿದಿಬ್ಬರು ತಕ್ಷಣ ಸಾಲು ಬಿಡಬೇಕು. ನನ್ನ ಫೋನು ಮಗಳ ಕೈಯಲ್ಲಿ, ಫೋಟೋ ತೆಗೆಯಲಿಕ್ಕೆ. ಅವ್ವ ಮಗಳೊಂದಿಗೆ ಪಕ್ಕದ ಕಟ್ಟೆ ಮೇಲೆ ಕೂತು, ರೇಷನ್ ಅಂಗಡಿಯ ಕಾಲ ನೆನೆಸಿಕೊಂಡಳು. "ಸೀಮೆಣ್ಣೆಗೆ ನಾವೇನ್ ಇಂಗೆ ನಿಂತ್ಕತಿದ್ವಾ? ಡಬ್ಬ ಇಟ್ಬುಟ್ಟು ಓಗ್ತಿದ್ವಿ. ಡಬ್ಬ ಇಲ್ದಿದ್ರೆ ಕಲ್ಲು." ಸಾಲಿನಲ್ಲಿ ನಿಲ್ಲದೆಯೇ ಸಾಲಿನಲ್ಲಿ ಜಾಗ ಹಿಡಿಸುವ ಪಾಸನ್ನು ಡಿಸ್ನಿಯವರು ತಂದದ್ದು 1999ರಲ್ಲಿ. ಮದ್ದೂರಿನಲ್ಲಿ ಅದೇ ಕೆಲಸವನ್ನು ಅದಕ್ಕೂ ಎಷ್ಟೋ ಮೊದಲಿಂದ ಒಂದು ಇಟ್ಟಿಗೆ ಚೂರು ಮಾಡುತ್ತಿತ್ತು.

ಮುಕ್ಕಾಲು ಗಂಟೆಯಾಗುವುದರೊಳಗೆ ನಾನು ಕಿಟಕಿ ಮುಟ್ಟಿದೆ. ಐದು ಟಿಕೆಟ್, ತಲಾ ನೂರು ರೂಪಾಯಿ. ವಿಜಯದಿಂದ ಕರ್ಚೀಫು ಬೀಸಿದೆ. ಎಡಗಡೆ ನೋಡಿದರೆ ಹೆಂಡತಿ, ನಾನು ಬೆವರು ಒರೆಸಿಕೊಳ್ಳುತ್ತಿದ್ದೇನೆಂದು ತಿಳಿದು ಕನಿಕರದಿಂದ ತಲೆ ಅಲ್ಲಾಡಿಸಿ, ಕಿಟಕಿಯೊಳಗೆ ಕೈ ಹಾಕಿದಳು. ಕೂಗಿದೆ. ಪಕ್ಕದಲ್ಲೇ ಮರಣಬಾವಿ, ಮರದ ಗೋಡೆ ಮೇಲೆ ಸೈಲೆನ್ಸರ್ ಕಿತ್ತ ಬೈಕು ಸುತ್ತುತ್ತಿತ್ತು. ನನ್ನ ಕೂಗು ನನಗೇ ಕೇಳಲಿಲ್ಲ. ಬಾಮೈದ ಐದಡಿ ಎರಡಿಂಚು, ಅವನಿಗೆ ಮುಂದಿನವರ ಬೆನ್ನು ಬಿಟ್ಟು ಏನೂ ಕಾಣುತ್ತಿರಲಿಲ್ಲ. ಎರಡು ನಿಮಿಷದ ಅಂತರದಲ್ಲಿ ಮೂವರೂ ಗೆದ್ದು ಬಂದೆವು. ಮೂರೂ ಸಾಲು ಹೆಚ್ಚೂಕಡಿಮೆ ಒಂದೇ ವೇಗದಲ್ಲಿ ಸಾಗುವ ಸಾಧ್ಯತೆಯೊಂದನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಐದು ಜನ, ಹದಿನೈದು ಟಿಕೆಟ್. ಒಂದೂವರೆ ಸಾವಿರ ರೂಪಾಯಿ. ಟಿಕೆಟ್ಟಿನ ಹಿಂದೆ ಸಣ್ಣ ಅಕ್ಷರದಲ್ಲಿತ್ತು: ಒಮ್ಮೆ ಕೊಟ್ಟ ಟಿಕೆಟ್ ಹಿಂದಕ್ಕೆ ಪಡೆಯುವುದಿಲ್ಲ.

"ಭಾವ, ಮಾರ್ಬುಡಾಣ ಬುಡಿ. ಸಾಲಲ್ಲಿ ಇಷ್ಟು ಜನ ಅವ್ರೆ," ಎಂದ ಬಾಮೈದ. ಹೇಳಿದವನು ಅವನು, ಮಾರಲು ಹೋದವನು ನಾನು.

ಸಾಲಿನ ಬಾಲದಲ್ಲಿದ್ದ ಒಬ್ಬರ ಹತ್ತಿರ ಹೋಗಿ, "ಟಿಕೆಟ್ ಬೇಕಾ ಸಾರ್?" ಎಂದೆ. ಮೆಲ್ಲಗೆ ಕೇಳಿದೆ, ಮರ್ಯಾದೆಗೆ. ಮೆಲ್ಲಗೆ ಕೇಳಿದ್ದೇ ಕೆಟ್ಟದ್ದಾಯಿತು. ಆತ ಆಚೀಚೆ ನೋಡಿ, "ಎಷ್ಟು?" ಎಂದ. "ನೂರೇ." "ಕೌಂಟರಲ್ಲೂ ನೂರೇ ಅಲ್ವಾ?" "ಹೌದು, ಅದೇ ರೇಟಿಗೆ ಕೊಡ್ತೀನಿ." ಆತ ಟಿಕೆಟ್ಟನ್ನು ದೀಪಕ್ಕೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. ನೂರೈವತ್ತು ಅಂದಿದ್ದರೆ ನಂಬುತ್ತಿದ್ದನೋ ಏನೋ. ಲಾಭವಿಲ್ಲದೆ ಟಿಕೆಟ್ ಮಾರುವ ಮನುಷ್ಯನ ಟಿಕೆಟ್ ನಕಲಿಯಾಗಿರಲೇಬೇಕು ಎಂಬುದು ಅವನ ತರ್ಕ. ತಳ್ಳಿಹಾಕುವಂಥ ತರ್ಕವೇನಲ್ಲ. 1955ರ ಜುಲೈ 17ರಂದು ಡಿಸ್ನಿಲ್ಯಾಂಡ್ ಬಾಗಿಲು ತೆರೆದ ದಿನ ನಕಲಿ ಟಿಕೆಟ್ ಹಿಡಿದು ನುಗ್ಗಿದವರಿಗೆ ಲೆಕ್ಕವಿರಲಿಲ್ಲ. ಒಬ್ಬನಂತೂ ಬೇಲಿಗೆ ಏಣಿ ಒರಗಿಸಿ ತಲೆಗೆ ಐದು ಡಾಲರ್ ವಸೂಲಿ ಮಾಡಿದ ಎಂದು ಕತೆಯಿದೆ. ನನ್ನ ಹತ್ತಿರ ಏಣಿಯೂ ಇರಲಿಲ್ಲ.

ಮೂರನೆಯ ಗಿರಾಕಿಯನ್ನು ಮಾತಾಡಿಸುವ ಹೊತ್ತಿಗೆ ಹಿಂದಿನಿಂದ ದನಿ ಬಂತು: "ನಮಸ್ಕಾರ ಮೇಷ್ಟ್ರೇ!"

ತಿರುಗಿದರೆ ನನ್ನ ಹಳೇ ವಿದ್ಯಾರ್ಥಿ, ಹೆಂಡತಿ ಮಗುವಿನ ಸಮೇತ. ಲಾಭ ಮತ್ತು ನಷ್ಟ ಎಂಬ ಪಾಠವನ್ನು ಇವನಿಗೆ ಬೆತ್ತ ಹಿಡಿದು ಕಲಿಸಿದ್ದೆ. ನನ್ನ ಕೈಯಲ್ಲಿದ್ದ ಟಿಕೆಟ್ ಕಟ್ಟು ನೋಡಿದ, ನನ್ನ ಮುಖ ನೋಡಿದ. ಸಂಕೋಚದಿಂದಲೇ ಕೇಳಿದ: "ಸಂಬಳ ಸರಿಯಾಗಿ ಆಯ್ತಾ ಇಲ್ವಾ ಸಾರ್?"

ವಿವರಿಸಲು ಹೊರಟೆ. ಎರ್ಲಾಂಗ್‌ನಿಂದ ಶುರು ಮಾಡಿದ್ದು ತಪ್ಪಾಯಿತು. ಅವನ ಹೆಂಡತಿ ಮಗುವನ್ನು ಸ್ವಲ್ಪ ಆ ಕಡೆ ಎಳೆದುಕೊಂಡಳು. ಅಷ್ಟರಲ್ಲಿ ಒಬ್ಬ ಹೋಮ್ ಗಾರ್ಡ್ ಲಾಠಿ ತಿರುಗಿಸುತ್ತಾ ಈ ಕಡೆಗೇ ಬರತೊಡಗಿದ. ಹತ್ತು ಟಿಕೆಟ್ಟನ್ನೂ ಜೇಬಿಗೆ ತುರುಕಿ, ಜೈಂಟ್ ವೀಲ್ ಹತ್ತುವ ಸಾಲಿನಲ್ಲಿ ನನ್ನವರ ಮಧ್ಯೆ ತಲೆ ತಗ್ಗಿಸಿ ನಿಂತೆ. ಹೌದು, ಟಿಕೆಟ್ ಕೊಳ್ಳುವುದಕ್ಕೊಂದು ಸಾಲಾದರೆ ಹತ್ತುವುದಕ್ಕೆ ಇನ್ನೊಂದು.

ಇಷ್ಟು ಹೊತ್ತು ಒಂದು ಸಂಗತಿ ಮುಚ್ಚಿಟ್ಟಿದ್ದೆ. ನನಗೆ ಎತ್ತರ ಆಗುವುದಿಲ್ಲ. ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಎಳನೀರಿನ ಊರಲ್ಲಿ ಇದನ್ನು ಬಾಯಿಬಿಟ್ಟು ಹೇಳುವುದಾದರೂ ಹೇಗೆ? ಜೈಂಟ್ ವೀಲ್ ಒಂದೇ ಸುತ್ತು, ಹಲ್ಲು ಕಚ್ಚಿ ಕೂತರಾಯಿತು ಎಂದು ಲೆಕ್ಕ ಹಾಕಿದ್ದೆ. ಹತ್ತಿದ ಮೇಲೆ ಗೊತ್ತಾದದ್ದು, ಈ ಚಕ್ರ ಸುತ್ತುವುದಕ್ಕಿಂತ ನಿಲ್ಲುವುದೇ ಹೆಚ್ಚು. ಕೆಳಗೆ ಒಂದು ತೊಟ್ಟಿಲಿಗೆ ಜನ ತುಂಬುವ ತನಕ ಮೇಲಿನದು ಗಾಳಿಯಲ್ಲಿ ತೂಗುತ್ತಿರಬೇಕು. ಫೆರಿಸ್ ಎಂಬ ಎಂಜಿನಿಯರ್ 1893ರಲ್ಲಿ ಷಿಕಾಗೋದಲ್ಲಿ ಕಟ್ಟಿದ ಮೊದಲ ದೊಡ್ಡ ಚಕ್ರದಲ್ಲೂ ಇದೇ ಕಷ್ಟ. 264 ಅಡಿ ಎತ್ತರ, 36 ಡಬ್ಬಿ, ಡಬ್ಬಿಗೆ 60 ಜನ. ಜನರನ್ನು ಹತ್ತಿಸಿ ಇಳಿಸಲಿಕ್ಕೆಂದೇ ಮೊದಲ ಸುತ್ತಿನಲ್ಲಿ ಆರು ಕಡೆ ನಿಲ್ಲಿಸುತ್ತಿದ್ದರು. ಅಂದರೆ ಜೈಂಟ್ ವೀಲ್ ಎಂಬುದೂ ಒಂದು ಕ್ಯೂ, ನೆಟ್ಟಗೆ ನಿಲ್ಲಿಸಿದ ಕ್ಯೂ. ಇದೆಲ್ಲ ನನಗೆ ತುದಿಯಲ್ಲಿ ನಿಂತಾಗ ಹೊಳೆಯಿತು. ಕಣ್ಣು ಮುಚ್ಚಿಕೊಂಡಿದ್ದರಿಂದ ಯೋಚಿಸಲು ಅನುಕೂಲವಿತ್ತು.

"ಅಪ್ಪಾ, ಅರಮನೆ ನೋಡು!" ಎಂದಳು ಮಗಳು. "ಚೆನ್ನಾಗಿದೆ," ಎಂದೆ, ಕಣ್ಣು ಬಿಡದೆ.

ಸುತ್ತು ಮುಗಿದು ತೊಟ್ಟಿಲು ಕೆಳಗೆ ಬಂದು ನಿಂತಿತು. ಬಾಗಿಲು ತೆಗೆಯುವವನು ಚಿಲಕಕ್ಕೆ ಕೈ ಹಾಕಿದ. ನಾನು ಎದ್ದೆ.

"ಕೂತ್ಕಳ್ಲಾ," ಎಂದಳು ಅವ್ವ. ನನ್ನ ಜೇಬಿಗೆ ಕೈ ಹಾಕಿ ಟಿಕೆಟ್ ಕಟ್ಟು ತೆಗೆದು ಅವನ ಮುಂದೆ ಹಿಡಿದಳು. "ಏನಪ್ಪಾ, ಇನ್ನೂ ಅತ್ತು ಅವೆ. ಐದೈದು ಅಂದ್ರೆ ಇನ್ನೆಲ್ಡು ಸುತ್ತು ಆಯ್ತದಲ್ವಾ?"

ಹದಿನೈದನ್ನು ಐದರಿಂದ ಭಾಗಿಸುವ ಲೆಕ್ಕ ಶಾಲೆಯ ಮುಖ ನೋಡದ ಅವ್ವನಿಗೆ ಬರುತ್ತದೆ ಎಂದು ನಾನು ಎಣಿಸಿರಲಿಲ್ಲ. ಅವನು ಟಿಕೆಟ್ ಎಣಿಸಿ ಹರಿದು, "ಕೂತ್ಕಳಿ ಸಾರ್," ಎಂದು ಚಿಲಕ ಹಾಕಿಯೇಬಿಟ್ಟ. ಕೆಳಗೆ ಸಾಲಿನಲ್ಲಿದ್ದವರು ಗಲಾಟೆ ಎಬ್ಬಿಸಿದರು. "ಯಾರ್ರೀ ಅವ್ರು, ಇಳೀದೇ ಕೂತವ್ರೆ?" "ಸಾಲಲ್ಲಿ ನಿಲ್ಲೋರೇನು ಮನುಷ್ಯರಲ್ವಾ?" ಆ ಸಾಲಿನಲ್ಲಿ ನನ್ನ ಹಳೇ ವಿದ್ಯಾರ್ಥಿಯೂ ಇದ್ದ. ಅವನು ಏನೂ ಕೂಗಲಿಲ್ಲ. ಮಗುವಿಗೆ ಬೆರಳು ಮಾಡಿ ನನ್ನನ್ನು ತೋರಿಸಿದ.

ಎರಡನೆಯ ಸುತ್ತಿನಲ್ಲಿ ಕೈ ಬಿಗಿಹಿಡಿದು, ಧೈರ್ಯ ಮಾಡಿ, ತುದಿ ತಲುಪಿದಾಗ ಒಂದು ಕಣ್ಣು ಬಿಟ್ಟೆ. ಅದೇ ಕ್ಷಣಕ್ಕೆ ಕೆಳಗಿದ್ದವರೆಲ್ಲ "ಓ..." ಎಂದರು. ಎದುರಿಗೆ ಕಪ್ಪಗೆ ಏನೋ ದೊಡ್ಡದು ಇತ್ತು. ಅರಮನೆಯೇ ಇರಬೇಕು. ದೀಪ ಆರಿಸಿದ್ದರು. ಕಣ್ಣು ಮತ್ತೆ ಮುಚ್ಚಿದೆ.

ಮೂರನೆಯ ಸುತ್ತಿನಲ್ಲಿ ಮತ್ತೆ ತುದಿಯಲ್ಲೇ ನಿಲ್ಲಿಸಿದರು. ಗಾಳಿ ತಣ್ಣಗೆ ಬೀಸುತ್ತಿತ್ತು. ಬಾಮೈದ ಡೆಲ್ಲಿ ಹಪ್ಪಳ ಮುರಿಯುವ ಸದ್ದು ಕೇಳುತ್ತಿತ್ತು. ಅದನ್ನು ಯಾವಾಗ, ಯಾವ ಸಾಲಿನಲ್ಲಿ ನಿಂತು ತಂದನೋ. ಅವ್ವ ನನ್ನ ಮಂಡಿ ತಟ್ಟಿದಳು.

"ಲೇ, ಇಲ್ಲಿಂದ ನಮ್ಮೂರು ಎತ್ತಾಗೈತ್ಲಾ?"

ದಿಕ್ಕು ಹೇಳಲಾಗದಿದ್ದರೆ ಮೇಷ್ಟ್ರ ಮರ್ಯಾದೆ ಏನಾಗಬೇಕು? ಕಂಬಿಯಿಂದ ಒಂದು ಕೈ ಬಿಡಿಸಿಕೊಂಡು, ಬೆರಳು ಚಾಚಿ ತೋರಿಸಿದೆ. "ಅದೋ, ಆ ಕಡೆ."

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

"ಅದು ಚಾಮುಂಡಿ ಬೆಟ್ಟ ಕಣ್ಲಾ," ಎಂದಳು ಅವ್ವ. "ಕಣ್ ಬುಡು."